ಈ ಮನೆಗೆ ಬಾಗಲಿಲ್ಲ

ಜೂನ್ 4

ಶ್ರೀಮದಖಂಡ ಲಿಫ್ಟ್ ಸಾಮ್ರಾಜ್ಯಾಧೀಶ್ವರ, ಮಹಡಿ ಮಹಡಿಗಳ ನಡುವೆ ಸಿಕ್ಕಿಬಿದ್ದವರ ಆಪದ್ಬಾಂಧವ, ಹಗ್ಗ-ರಾಟೆ-ಗುಂಡಿ ವಿದ್ಯಾವಿಶಾರದ, 'ತಗಡು' ಬ್ಯಾಂಡಿನ ಭಕ್ತಾಗ್ರೇಸರ, ನಮ್ಮ ಏಕೈಕ ಭಾವನವರ ಗ್ರೀಸು ಮೆತ್ತಿದ ಪಾದಾರವಿಂದಗಳಿಗೆ,

ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನ ಕಿರಿಯ ಕುಶಲಕರ್ಮಿಯೂ ತಮ್ಮ ಬಾಮೈದನೂ ಆದ ನಾನು ಉದ್ದಂಡ ಬಿದ್ದು ಮಾಡುವ ವಿಜ್ಞಾಪನೆ. ಇಲ್ಲಿ ಕ್ಷೇಮ. ಬೆಳಗ್ಗೆ ಎರಡು ಮೇಲ್ದವಡೆ, ಒಂದು ಕೆಳದವಡೆ ನಯ ಮಾಡಿ ಡಾಕ್ಟರಿಗೆ ಕಳಿಸಿದೆ. ಅವೂ ಕ್ಷೇಮ.

ತಾವು ಫೋನ್ ಎತ್ತುವುದನ್ನು ಬಿಟ್ಟಿರುವುದರಿಂದ ನಾನು ಅಂಚೆಗೆ ಶರಣಾಗಿದ್ದೇನೆ. ಇದರಲ್ಲಿ ಒಂದು ಅನುಕೂಲವಿದೆ. ತಾವು ಮಧ್ಯದಲ್ಲಿ ಕಟ್ ಮಾಡುವ ಹಾಗಿಲ್ಲ.

ವಿಷಯಕ್ಕೆ ಬರುತ್ತೇನೆ. 'ತಗಡು' ಸೆಪ್ಟೆಂಬರಿನಲ್ಲಿ ನಮ್ಮೂರಿಗೆ ಬರುತ್ತಿದೆ. 'ಆರು ಗೋಡೆ' ಆಲ್ಬಮ್ಮನ್ನು ಮೊದಲಿಂದ ಕೊನೆತನಕ ಹಾಡಿ, ಆಮೇಲೆ ಬ್ಯಾಂಡಿಗೇ ಬೀಗ ಹಾಕುತ್ತಾರಂತೆ. ಮೂರು ಟಿಕೆಟ್ ನನ್ನ ಹತ್ತಿರ ಇವೆ. ಮಾರ್ಚಿನಲ್ಲೇ ಬುಕ್ ಆಗಿದ್ದವು.

ಅದಕ್ಕೂ ಮುಂಚೆ ಇತ್ಯರ್ಥವಾಗಬೇಕಾದ ದಾವೆಯೊಂದು ನನ್ನ ಕೋರ್ಟಿನಲ್ಲಿ ಕೊಳೆಯುತ್ತಿದೆ. ನಾಲ್ಕನೇ ಹಾಡಿನ ಪಲ್ಲವಿ: 'ಬಾಗಲಿಲ್ಲ, ಬಾಗಲಿಲ್ಲ, ಈ ಮನೆಗೆ ಬಾಗಲಿಲ್ಲ.' ತಮ್ಮ ವಾದವೇನೆಂದರೆ, ಗಾಯಕ ಆಡುಮಾತಿನಲ್ಲಿ ಹಾಡುತ್ತಿದ್ದಾನೆ, ಇದು ಬಾಗಿಲು, ಈ ಮನೆಗೆ ಬಾಗಿಲೇ ಇಲ್ಲ ಅಂತ. ಎದುರು ಪಕ್ಷದ ವಾದ: ಅಲ್ಲ, ಅವನು ಈ ಮನೆಗೆ ತಲೆ ಬಾಗಲಿಲ್ಲ ಅಂತ. ತಾವು ದಿನಾ ಲಿಫ್ಟಿನ ಬಾಗಿಲು ಬಿಚ್ಚುವವರು. ಎದುರು ಪಕ್ಷ ಜನರ ಬಾಗದ ಮೊಣಕಾಲನ್ನು ಬಾಗಿಸುವ ಕಸುಬಿನವರು. ಯಾರ ಕಸುಬು ಯಾವುದೋ ಅವರ ಕಿವಿಯಲ್ಲಿ ಅದೇ. ಪ್ರತಿ ಕಾನ್ಸರ್ಟ್ ಮುಗಿದ ಮೇಲೂ ತಮ್ಮ ವ್ಯಾನಿನ ಹಿಂದಿನ ಸೀಟಿನಲ್ಲಿ, ಟೂಲ್ ಬಾಕ್ಸಿನ ಪಕ್ಕ ನ್ಯಾಯಪೀಠವನ್ನು ಅಲಂಕರಿಸಿದ ನಾನು ತೀರ್ಪನ್ನು ಕಾಯ್ದಿರಿಸುತ್ತಲೇ ಬಂದಿದ್ದೇನೆ.

ಈಗ ಹೊಸ ಸಾಕ್ಷ್ಯ ದೊರೆತಿದೆ! ಆ ಇಡೀ ಆಲ್ಬಮ್ಮಿಗೆ 'ಗಿಡ್ಡ ಬಾಗಿಲು' ಎಂಬ ಹಳೆಯ ಕಾದಂಬರಿಯೇ ಮೂಲವಂತೆ. ಧಣಿಯೊಬ್ಬ ತನ್ನ ಬಂಗಲೆಗೆ ಬೇಕೆಂದೇ ಗಿಡ್ಡ ಬಾಗಿಲು ಇಡಲು ಹೇಳುತ್ತಾನೆ, ಒಳಗೆ ಬರುವವರೆಲ್ಲ ತಲೆ ತಗ್ಗಿಸಿಯೇ ಬರಲಿ ಅಂತ. ಕಟ್ಟುವ ಮೇಸ್ತ್ರಿಗೆ ಯಾರ ಮುಂದೆಯೂ ಬಗ್ಗಿ ಗೊತ್ತಿಲ್ಲ. ಬಾಗಿಲಿದ್ದರೆ ತಾನೇ ಬಗ್ಗಬೇಕು? ಅವನು ಬಾಗಿಲನ್ನೇ ಇಡದೆ ಮನೆ ಕಟ್ಟಿ ಮುಗಿಸುತ್ತಾನೆ. ಅಂದರೆ ಮೇಸ್ತ್ರಿಯೂ ಬಾಗಲಿಲ್ಲ, ಮನೆಗೂ ಬಾಗಲಿಲ್ಲ. ಉಭಯ ಪಕ್ಷಗಳಿಗೂ ಜಯ, ಕೋರ್ಟ್ ಖರ್ಚಿಗೆ ಒಂದು ಕಾಫಿ. ಐದನೇ ಹಾಡಿನಲ್ಲಿ ಡ್ರಮ್ಮು ಹೊಡೆಯುವುದಿದೆಯಲ್ಲ, ಅದು ಆ ಮೇಸ್ತ್ರಿಯ ಸುತ್ತಿಗೆ ಎಂದು ವಿದ್ವಾಂಸರ ಅಭಿಮತ.

ಬರುತ್ತೀರಿ ತಾನೆ?

ಆಜ್ಞಾಧಾರಕ,
ದಂತವಕ್ರ

*

ಜೂನ್ 19

ಹಲ್ಲಪ್ಪ,

ಪತ್ರ ಬಂತು.

ಎದುರು ಪಕ್ಷ ಅಂತ ಬರೆದಿದ್ದೀಯ. ಅಕ್ಕ ಅಂತಲೇ ಬರಿ. ಅವಳು ಹೋಗಿ ಎರಡು ತಿಂಗಳಾಯಿತು. ಆ ಮಾತನ್ನು ಆಡಿದರೆ ಏನಾದರೂ ಆಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಏನೂ ಆಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಯಾರದೋ ಮೊಣಕಾಲು ಹಿಡಿದು ಕೂತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಕೇಳಿದವರಿಗೆಲ್ಲ ಹೇಳಿ ಹೇಳಿ ಈಗ ನನಗೆ ಅದು ಲಿಫ್ಟಿನ ಕಂಪ್ಲೇಂಟ್ ಓದಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಫೋನ್ ಎತ್ತುತ್ತಿಲ್ಲ.

ಕೆಲಸಕ್ಕೆ ಹೋಗುತ್ತಿದ್ದೇನೆ. ಮೊನ್ನೆ ಒಂದು ಕಚೇರಿಯಲ್ಲಿ ಲಿಫ್ಟು ಎರಡು ಮಹಡಿ ಮಧ್ಯೆ ನಿಂತಿತ್ತು. ಒಳಗಿದ್ದ ಹೆಂಗಸು, "ಯಾರಾದ್ರೂ ಮಾತಾಡ್ತಾ ಇರಿ, ಸುಮ್ನೆ ಇರ್ಬೇಡಿ" ಅಂದಳು. ಮಾತಿನ ಬದಲು ಸ್ಪ್ಯಾನರಿನಿಂದ ಗೋಡೆಗೆ ಆಗಾಗ ಕುಟ್ಟಿದೆ. ಅಷ್ಟೇ ಸಾಕಾಯಿತು ಅವಳಿಗೆ.

ಹಾಡು ಕೇಳುವುದು ಬಿಟ್ಟಿದ್ದೇನೆ. ಡಿಸ್ಕು ವ್ಯಾನಿನಲ್ಲೇ ಇದೆ, ತೆಗೆದಿಲ್ಲ, ಹಾಕಿಲ್ಲ. ಅದು ಅವಳ ಬ್ಯಾಂಡು. ಟಿಕೆಟ್ ಯಾವಾಗಲೂ ಅವಳೇ ತರುತ್ತಿದ್ದಳು. ಅವಳಿಲ್ಲದೆ ನಾನು ಅದನ್ನು ಕೇಳಿದರೆ ಬೇರೆಯವರ ಊಟದ ಡಬ್ಬಿ ತೆಗೆದ ಹಾಗೆ.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ಐದನೇ ಹಾಡಿನಲ್ಲಿ ಡ್ರಮ್ಮೇ ಇಲ್ಲ. ಬರೀ ಗಿಟಾರು. ನೀನು ಯಾವ ಆಲ್ಬಮ್ ಕೇಳುತ್ತಿದ್ದೀಯೋ.

ಅವಳ ಕೋಟಿನ ಜೇಬಿನಲ್ಲಿ ಗುಲಾಬಿ ಬಣ್ಣದ ಎರಡು ಮೇಣದ ಉಂಡೆ ಸಿಕ್ಕಿದವು. ಕಡಲೆಕಾಳಿನಷ್ಟು ದೊಡ್ಡವು. ನಿನ್ನ ಲ್ಯಾಬಿನದ್ದೇ ಇರಬೇಕು. ಏನಕ್ಕೆ ಅಂತ ಗೊತ್ತಾಗಲಿಲ್ಲ. ಬಿಸಾಡಿಲ್ಲ, ಕಿಟಕಿಯ ಹತ್ತಿರ ಇಟ್ಟಿದ್ದೇನೆ.

ಕಂಪನಿಯವರು ದೂರದ ಗಣಿಗೆ ಜನ ಕೇಳುತ್ತಿದ್ದಾರೆ. ಅಲ್ಲಿ ಲಿಫ್ಟು ಕೆಳಕ್ಕೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಹೆಸರು ಕೊಟ್ಟಿದ್ದೇನೆ. ಅಕ್ಟೋಬರಿನಲ್ಲಿ ಹೊರಡಬೇಕು. ಕಾನ್ಸರ್ಟಿಗೆ ಬರುವುದಿಲ್ಲ. ಟಿಕೆಟ್ಟುಗಳನ್ನು ಯಾರಿಗಾದರೂ ಕೊಡು.

ಇನ್ನೊಂದು. ನನ್ನನ್ನು ಭಾವ ಅಂತ ಕರೆಯುವ ಹಂಗು ಇನ್ನು ನಿನಗಿಲ್ಲ. ಆ ಸಂಬಂಧ ಅವಳಿಂದ ಆದದ್ದು. ಸಿಟ್ಟಿನಿಂದ ಬರೆಯುತ್ತಿಲ್ಲ. ಇದ್ದದ್ದನ್ನು ಬರೆದೆ.

ಲಿಫ್ಟ್ ಮೆಕ್ಯಾನಿಕ್

*

ಜೂನ್ 27

ಘನ ನ್ಯಾಯಾಲಯದ ಮುಂದೆ ಹಾಜರಿಲ್ಲದ ಪ್ರತಿವಾದಿ ಭಾವನವರಿಗೆ ಜಾರಿಯಾದ ತುರ್ತು ನೋಟೀಸು.

ಯಾಕೆಂದರೆ: ತಾವು ಜೂನ್ 19ರ ಪತ್ರದಲ್ಲಿ ಭಾವ ಎಂಬ ಹುದ್ದೆಗೆ ಏಕಪಕ್ಷೀಯವಾಗಿ ರಾಜೀನಾಮೆ ಸಲ್ಲಿಸಿರುತ್ತೀರಿ. ಸದರಿ ಪತ್ರವನ್ನು ಮೇಲಧಿಕಾರಿಗಳಾದ ಅಮ್ಮನ ಅವಗಾಹನೆಗೆ ಮಂಡಿಸಲಾಯಿತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಅಳಿಯ ಅನ್ನೋದು ರಾಜೀನಾಮೆ ಕೊಡೋ ಕೆಲ್ಸ ಅಲ್ಲ ಅಂತ ಹೇಳು. ಪೆನ್ಷನ್ನೂ ಇಲ್ಲ, ಬಿಡುಗಡೆನೂ ಇಲ್ಲ" ಎಂದು ಷರಾ ಬರೆಸಿದ್ದಾರೆ. ಆಮೇಲೆ ಪಾತ್ರೆ ತೊಳೆಯಲು ಹೋದರು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಆದ್ದರಿಂದ ರಾಜೀನಾಮೆ ತಿರಸ್ಕೃತ.

ಮೇಣದ ಉಂಡೆಗಳ ಬಗ್ಗೆ: ಅವು ನಮ್ಮ ಲ್ಯಾಬಿನವೇ ಹೌದು. ಒಸಡಿನ ಅಚ್ಚಿಗೆ ಬಳಸುವ ಮೇಣ, ಕೈಶಾಖಕ್ಕೇ ಮೆತ್ತಗಾಗುತ್ತದೆ. ಬೆರಳು ಸೆಟೆದುಕೊಂಡ ರೋಗಿಗಳಿಗೆ ಹಿಚುಕಲು ಕೊಡುತ್ತೇನೆಂದು ಅಕ್ಕನೇ ಒಯ್ದಿದ್ದಳು. ಇದರಲ್ಲಿ ರಹಸ್ಯವೇನೂ ಇಲ್ಲ.

ಐದನೇ ಹಾಡಿನ ಡ್ರಮ್ಮಿನ ವಿಷಯ: ಅದು ಮುದ್ರಣದೋಷ.

ಕಾದಂಬರಿಯ ಅಧ್ಯಯನ ಮುಂದುವರಿದಿದೆ. ಮೊದಲ ಹಾಡು ಮೇಸ್ತ್ರಿ ಸುಣ್ಣ ಕಲಸುವ ಅಧ್ಯಾಯ. ಎರಡನೆಯದು ಅಳತೆಯ ದಾರ. ಮೂರನೆಯದರಲ್ಲಿ ಧಣಿ ದಿನಾ ಸಂಜೆ ಬಂದು, "ಏನಯ್ಯಾ, ಬಾಗ್ಲು ಎಲ್ಲಿಗೆ ಬಂತು?" ಎಂದು ಕೇಳುತ್ತಾನೆ. ಮೇಸ್ತ್ರಿ, "ಬರ್ತಾ ಇದೆ ಧಣಿ" ಎನ್ನುತ್ತಲೇ ಗೋಡೆ ಏರಿಸುತ್ತಾನೆ. ಮೊದಲ ಕಾನ್ಸರ್ಟಿನಲ್ಲಿ ಈ ಹಾಡಿನ ಹೊತ್ತಿಗೇ ಅಲ್ಲವೇ ಗಾಯಕನ ಅಂಗಿಯ ತೋಳು ಹರಿದು ಮೈಕಿಗೆ ಸಿಕ್ಕಿಕೊಂಡಿದ್ದು? ಅಕ್ಕ ಬಿದ್ದು ಬಿದ್ದು ನಕ್ಕಿದ್ದು? ನೀಲಿ ಬೆಳಕು, ಮುಂದಿನ ಸಾಲಿನಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವನು, ತಮ್ಮ ಬಾಯಿ ಅಷ್ಟಗಲ ತೆರೆದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಲ್ಯಾಬಿನ ಮೇಲಿನ ಮಹಡಿಯ ಡಾಕ್ಟರು ಹಲ್ಲು ಕೀಳುವ ಮೊದಲು ಸೂಜಿ ಹಾಕಿ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. "ಜೋಮು ಇಳಿಯೋ ತನಕ ಏನೂ ಅಗೀಬೇಡಿ, ನಿಮ್ಮ ಕೆನ್ನೇನೇ ನೀವು ಕಚ್ಕೋತೀರಿ, ಗೊತ್ತೂ ಆಗಲ್ಲ." ಇದನ್ನು ಇಲ್ಲಿ ಯಾಕೆ ಬರೆದೆನೋ ತಿಳಿಯದು. ನೋಟೀಸಿನ ಭಾಗವೆಂದು ಪರಿಗಣಿಸತಕ್ಕದ್ದಲ್ಲ.

ಟಿಕೆಟ್ಟು ಯಾರಿಗೂ ಕೊಡುವುದಿಲ್ಲ.

ದಂತವಕ್ರ, ಬಿ.ಎ., ಎಲ್.ಎಲ್.ಬಿ. (ಎರಡೂ ಇಲ್ಲ)

*

ಜುಲೈ 22

ಹಲ್ಲಪ್ಪ,

ಉತ್ತರ ತಡವಾಯಿತು. ಬರೆಯಬಾರದು ಅಂತಲ್ಲ. ದಿನ ಹೇಗೆ ಹೋಗುತ್ತಿದೆ ಗೊತ್ತಾಗುತ್ತಿಲ್ಲ.

ರಜೆಯ ದಿನ ಇಲ್ಲಿನ ಲೈಬ್ರರಿಗೆ ಹೋಗಿದ್ದೆ, 'ಗಿಡ್ಡ ಬಾಗಿಲು' ಕೇಳಲು. ಲೈಬ್ರರಿಯಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು, ಒಳಗೆ ಹೋಗಿ ಇನ್ನೊಬ್ಬರನ್ನು ಕೇಳಿ ಬಂದರು. "ಯಾರು ಬರ್ದಿದ್ದು ಸಾರ್?" ಅಂದರು. ನನಗೂ ಗೊತ್ತಿಲ್ಲ ಅಂದೆ. "ಯಾರು ಹೇಳಿದ್ರು ನಿಮಗೆ?" ಅಂದರು. ನನ್ನ ಬಾಮೈದ ಅಂದೆ. ಅವರು ನಕ್ಕರು. "ಬಾಮೈದ ಹೇಳಿದ್ರೆ ಇರಲ್ಲ ಬಿಡಿ."

ಅಂಥ ಪುಸ್ತಕ ಇಲ್ಲ. ಎರಡನೇ ಪತ್ರದ ಹೊತ್ತಿಗೇ ಅನುಮಾನ ಬಂದಿತ್ತು. ಆದರೂ ಹೋದೆ. ಯಾಕೆ ಅಂತ ಹೇಳುತ್ತೇನೆ. ಆ ದಿನ ಬೆಳಗ್ಗೆ ಅವಳನ್ನು ಕ್ಲಿನಿಕ್ಕಿಗೆ ಬಿಡುವಾಗ ವ್ಯಾನಿನಲ್ಲಿ ನಾಲ್ಕನೇ ಹಾಡು ಬಂತು. ಮತ್ತೆ ಅದೇ ಜಗಳ. ಇಳಿದು ಬಾಗಿಲು ಹಾಕುತ್ತಾ, "ಬಾಗಲಿಲ್ಲ ಅಂದ್ರೆ ಬಾಗಲಿಲ್ಲ ಕಣ್ರೀ. ಕಿವಿ ತೊಳ್ಕೊಂಡು ಕೇಳಿ. ಇಲ್ಲಾಂದ್ರೆ ನನ್ ತಮ್ಮನ್ನ ಕೇಳಿ, ಅವ್ನು ಹೇಳ್ತಾನೆ" ಅಂದಳು. "ಅವನೇನ್ ಹೇಳ್ತಾನೆ, ನಿನ್ ಕಡೆಯವನು" ಅಂದೆ. ಅವಳು ನಗಲಿಲ್ಲ. ನನಗೆ ತಡವಾಗಿತ್ತು, ಗಾಡಿ ತೆಗೆದೆ. ಅದೇ ಕೊನೆಯ ಮಾತು. ಅಷ್ಟು ವರ್ಷ ಇದ್ದು ಕೊನೆಗೆ ಆಡಿದ್ದು ಅದು. ಹಾಗಾಗಿ ಅವಳು ಹೇಳಿದ್ದು ಸರಿಯೋ ಅಲ್ಲವೋ ನನಗೆ ಗೊತ್ತಾಗಬೇಕು. ಬೇರೆ ಯಾವುದರ ಬಗ್ಗೆಯೂ ಏನೂ ಅನ್ನಿಸುತ್ತಿಲ್ಲ, ಇದೊಂದು ಮಾತ್ರ ಚಪ್ಪಲಿಯ ಒಳಗಿನ ಕಲ್ಲಿನ ಹಾಗೆ.

ಪುಸ್ತಕ ಇಲ್ಲದಿದ್ದರೂ ಇರಲಿ. ಇದನ್ನು ಹೇಳು. ಬಾಗಿಲು ಇಡದೆ ಕಟ್ಟಿ ಮುಗಿಸಿದ ಅಂದೆಯಲ್ಲ, ಕೊನೆಯ ಇಟ್ಟಿಗೆ ಇಟ್ಟಾಗ ಮೇಸ್ತ್ರಿ ಎಲ್ಲಿದ್ದ? ಒಳಗೋ ಹೊರಗೋ?

*

ಆಗಸ್ಟ್ 2

ಭಾವ,

ಅಕ್ಕನ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ.

ಇವತ್ತು ಬಿರುದು ಬಾವಲಿ ಏನೂ ಹೊಳೆಯುತ್ತಿಲ್ಲ. ಬೆಳಗ್ಗೆಯಿಂದ ಒಂದೇ ಸೆಟ್ಟನ್ನು ಹಿಡಿದು ಕೂತಿದ್ದೇನೆ. ಯಾರೋ ಅಜ್ಜಿಯದ್ದು, ಮುಂದಿನ ಹಲ್ಲು ತುಸು ಸೊಟ್ಟಗಿರಲಿ ಅಂದಿದ್ದಾರಂತೆ, ಮೊದಲು ಹಾಗೇ ಇತ್ತಂತೆ. ಸೊಟ್ಟಗೆ ಕೂರಿಸಲು ಬರುತ್ತಿಲ್ಲ. ಕೈ ತಾನಾಗಿಯೇ ನೇರ ಮಾಡಿಬಿಡುತ್ತದೆ.

ಪುಸ್ತಕ ಇಲ್ಲ. ನಾನೇ ಕಟ್ಟಿದ್ದು. ಸುಮ್ಮನೆ ಹೇಗಿದ್ದೀರಿ ಅಂತ ಬರೆದಿದ್ದರೆ ನೀವು ಉತ್ತರ ಬರೆಯುತ್ತಿರಲಿಲ್ಲ.

ಮೇಸ್ತ್ರಿಯ ಬಗ್ಗೆ ಅಷ್ಟು ದೂರ ಯೋಚಿಸಿರಲಿಲ್ಲ. ನೀವು ಕೇಳಿದ ಮೇಲೆ ಒಳಗೇ ಉಳಿದ ಅನ್ನಿಸುತ್ತಿದೆ. ಧಣಿ ಹೊರಗೆ ನಿಂತು ಬೈಯುತ್ತಿದ್ದಾನೆ, ಒಳಗಿಂದ ಸದ್ದಿಲ್ಲ. ಆದರೆ ಅಂಚೆಯವನು ಹೇಗೋ ಕಾಗದ ತಲುಪಿಸುತ್ತಾನೆ. ಬಾಗಿಲಿಗೆ ಜಾಗ ಬಿಡದಿದ್ದರೂ ಅಷ್ಟು ಬಿರುಕು ಬಿಟ್ಟಿದ್ದಾನೆ ಪುಣ್ಯಾತ್ಮ.

ನೀವು ಗಣಿಗೆ ಹೋಗಿ. ಬೇಡ ಅನ್ನುವುದಿಲ್ಲ. ಕಾನ್ಸರ್ಟಿಗೆ ಮಾತ್ರ ಬನ್ನಿ. ನೀವು ಬರದಿದ್ದರೆ ಆಮೇಲೆ ಬರುವುದಕ್ಕೆ ಕಾರಣವೇ ಇರುವುದಿಲ್ಲ. ಗಣಿಯಿಂದ ಒಂದೆರಡು ಸಲ ಅಮ್ಮನಿಗೆ ಫೋನ್ ಮಾಡುತ್ತೀರಿ, ಆಮೇಲೆ ಅದೂ ನಿಲ್ಲುತ್ತದೆ, ಯಾರದ್ದೂ ತಪ್ಪಿರುವುದಿಲ್ಲ. ಅದಾಗಬಾರದು. ಅಷ್ಟೇ ನಾನು ಕೇಳುತ್ತಿರುವುದು.

ತೀರ್ಪನ್ನು ಕಾನ್ಸರ್ಟ್ ಮುಗಿದ ಮೇಲೆ ಕೊಡುತ್ತೇನೆ. ಖಂಡಿತ.

*

ಆಗಸ್ಟ್ 20

ಹಲ್ಲಪ್ಪ,

ಮೇಸ್ತ್ರಿ ಒಳಗಿದ್ದರೆ ಒಂದು ವಿಷಯ ತಿಳಿದುಕೋ. ಲಿಫ್ಟಿನ ಪೆಟ್ಟಿಗೆಗೆ ಮೇಲೆ ಒಂದು ಮುಚ್ಚಳ ಇರುತ್ತದೆ. ಸಿಕ್ಕಿಬಿದ್ದವರು ಅದನ್ನು ತೆಗೆದು ಹತ್ತಿ ಬರುವುದನ್ನು ಸಿನಿಮಾದಲ್ಲಿ ತೋರಿಸುತ್ತಾರೆ. ಅದು ಸುಳ್ಳು. ನಾನು ಕೆಲಸ ಮಾಡಿದ ಲಿಫ್ಟುಗಳಲ್ಲಿ ಅದು ಒಳಗಿನಿಂದ ತೆರೆಯುವುದೇ ಇಲ್ಲ. ಹೊರಗಿನವನು ಮೇಲಿಂದ ಇಳಿದು ಬಂದು ತೆಗೆಯಬೇಕು. ಒಳಗಿರುವವನು ಸುಮ್ಮನೆ ಕೂತಿರಬೇಕು. ಕುಟ್ಟಿದ ಸದ್ದು ಕೇಳಿದರೆ ತಿರುಗಿ ಕುಟ್ಟಬೇಕು.

ಅಜ್ಜಿಯ ಹಲ್ಲು ಸೊಟ್ಟಗೆ ಕೂತಿತೇ?

ಬರುತ್ತೇನೆ. ನೇರ ಮೈದಾನದ ಗೇಟಿಗೆ. ಅಮ್ಮನಿಗೆ ಅಡುಗೆ ಮಾಡಬೇಡಿ ಅಂತ ಹೇಳು. ಮಾಡಿದರೆ ಉಣ್ಣುತ್ತೇನೆ.

*

ಸೆಪ್ಟೆಂಬರ್ 24

ಹಲ್ಲಪ್ಪ,

ಬಂದು ಮುಟ್ಟಿದೆ. ಅಮ್ಮ ಕಟ್ಟಿ ಕೊಟ್ಟ ಬುತ್ತಿ ಎರಡು ದಿನ ಬಂತು. ಡಬ್ಬಿ ನನ್ನ ಹತ್ತಿರವೇ ಇದೆ.

ಅಲ್ಲಿ ಅಳು ಬರುತ್ತದೆ ಅಂದುಕೊಂಡು ಕರವಸ್ತ್ರ ಎರಡು ಇಟ್ಟುಕೊಂಡಿದ್ದೆ. ಬರಲಿಲ್ಲ. ನಿಂತು ನಿಂತು ಕಾಲು ನೋವು ಬಂತು. ನಾವಿಬ್ಬರೂ ಮಧ್ಯೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದೆವು, ನೋಡಿದೆಯಾ? ಹಿಂದಿನ ಹುಡುಗಿ ಬಂದು, ಆ ಜಾಗಕ್ಕೆ ಕೈ ತೋರಿಸಿ, "ಅಂಕಲ್, ಇಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು, "ಬರ್ತಾರೆ, ನೀರು ತರೋಕೆ ಹೋಗಿದಾರೆ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನಿನಗೆ. ಅವಳು ಪಾಪ ಕೊನೆತನಕ ಆ ಜಾಗ ಬಿಟ್ಟೇ ನಿಂತಿದ್ದಳು.

ನಾಲ್ಕನೇ ಹಾಡಿಗಾಗಿಯೇ ನಾನು ಅಷ್ಟು ದೂರ ಬಂದದ್ದು. ಆ ಗಾಯಕ ಪಲ್ಲವಿ ಬಂದ ಕೂಡಲೇ ಮೈಕನ್ನು ನಮ್ಮ ಕಡೆ ತಿರುಗಿಸಿಬಿಟ್ಟ. ಮೈದಾನವೆಲ್ಲ ಹಾಡಿತು. ಅಷ್ಟು ಬಾಯಲ್ಲಿ ಬಾಗಿಲೂ ಒಂದೇ, ಬಾಗುವುದೂ ಒಂದೇ. ನಾನೂ ಹಾಡಿದೆ. ನನ್ನದು ಬಾಗಿಲೇ ಆಗಿತ್ತು, ಬದಲಾಯಿಸಲು ಆಗಲಿಲ್ಲ. ಆಗ ನಿನ್ನನ್ನು ನೋಡಿದೆ. ನೀನು ಹಾಡುತ್ತಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದೆ. ಅವಳೂ ಹಾಗೇ ನೋಡುತ್ತಿದ್ದಳು.

ಅವಳಿಗೆ ಆ ಸಾಲು ಅಷ್ಟು ಖಾತ್ರಿಯಾಗಿ ಕೇಳಿಸಿದ್ದರೆ ಅವಳದ್ದೇ ಸರಿ ಇರಬೇಕು. ನಾನು ಸರಿಯಾಗಿ ಕೇಳಲಿಲ್ಲ. ಮುಂದಿನ ವಾರ ಗಣಿಗೆ ಹೊರಡುತ್ತೇನೆ. ಅಷ್ಟರೊಳಗೆ ತೀರ್ಪು ಬರೆದು ಕಳಿಸು. ಡಬ್ಬಿ ವಾಪಸು ಕೊಡಲು ಸಂಕ್ರಮಣವೋ ಹುಣ್ಣಿಮೆಯೋ ನೋಡುವುದಿಲ್ಲ, ರಜೆ ಸಿಕ್ಕಾಗ ಬರುತ್ತೇನೆ ಅಂತ ಅಮ್ಮನಿಗೆ ಹೇಳು.

ಭಾವ

*

ಸೆಪ್ಟೆಂಬರ್ 28

ಪಾತಾಳ ಲಿಫ್ಟ್ ಸಾಮ್ರಾಜ್ಯಕ್ಕೆ ಪಟ್ಟಾಭಿಷಿಕ್ತರಾಗಲಿರುವ, ರಾಜೀನಾಮೆಯನ್ನು ಸ್ವಹಸ್ತಾಕ್ಷರದಿಂದ ಹಿಂಪಡೆದ ಭಾವನವರ ಸನ್ನಿಧಿಗೆ,

ಪತ್ರದ ಕೆಳಗಿನ ಸಹಿಯನ್ನು ಅಮ್ಮನಿಗೆ ತೋರಿಸಲಾಯಿತು. "ಡಬ್ಬಿ ಮುಚ್ಚಳ ಸಡಿಲ ಇದೆ, ಹುಷಾರು ಅಂತ ಬರಿ" ಎಂದರು. ಬರೆದಿದ್ದೇನೆ. ಅಜ್ಜಿಯ ಹಲ್ಲು ಕೊನೆಗೂ ಸೊಟ್ಟಗೆ ಕೂತಿದೆ.

ಇನ್ನು ತೀರ್ಪು. ಸಭಿಕರು ಎದ್ದು ನಿಲ್ಲತಕ್ಕದ್ದು.

ಈ ನ್ಯಾಯಪೀಠಕ್ಕೆ ವಿಚಾರಣೆಯ ಅರ್ಹತೆಯೇ ಇರಲಿಲ್ಲ. ನ್ಯಾಯಾಧೀಶರ ಕಿವಿಯಲ್ಲಿ ಮೇಣವಿತ್ತು. ಮೊದಲ ಕಾನ್ಸರ್ಟಿನಿಂದಲೂ. ದಿನವೆಲ್ಲ ಹಲ್ಲು ಉಜ್ಜುವ ಮೋಟಾರಿನ ಕೀರಲು ಕೇಳುವವನಿಗೆ ಸಂಜೆ ಆ ಗದ್ದಲ ತಡೆಯಲು ಆಗುತ್ತಿರಲಿಲ್ಲ, ಭಾವ. ಲ್ಯಾಬಿನಿಂದ ಬರುವಾಗಲೇ ಒಂದು ಚೂರು ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ. ಆ ಸಾಲನ್ನು ಗಾಯಕನ ಬಾಯಿಂದ ನಾನು ಒಂದು ಸಲವೂ ಕೇಳಿದವನಲ್ಲ. ಐದನೇ ಹಾಡಿನ ಡ್ರಮ್ಮು ನಿಮಗೇ ಗೊತ್ತು.

ಅಕ್ಕನ ಜೇಬಿನ ಉಂಡೆಗಳು ಬೆರಳಿನ ಕಸರತ್ತಿಗಲ್ಲ. ಪ್ರತಿ ಸಲ ಗೇಟಿನ ಹತ್ತಿರ ನೀವು ಟಿಕೆಟ್ ತೋರಿಸುವಾಗ ಅವಳು ಹಿಂದಿನಿಂದ ಕೈ ಚಾಚುತ್ತಿದ್ದಳು. "ಅರ್ಧ ಕೊಡೋ. ನಿಮ್ ಭಾವಂಗೆ ಹೇಳ್ಬೇಡ, ಪಾಪ, ಎಷ್ಟು ಆಸೆಯಿಂದ ಬರ್ತಾರೆ." ಅವಳು ಟಿಕೆಟ್ ತರುತ್ತಿದ್ದದ್ದು ನಿಮ್ಮ ಬಾಯಿ ಅಷ್ಟಗಲ ತೆರೆಯುವುದನ್ನು ನೋಡಲಿಕ್ಕೆ. ವೇದಿಕೆ ಕಡೆ ಅವಳು ತಿರುಗುತ್ತಿದ್ದದ್ದೇ ಕಡಿಮೆ. 'ಬಾಗಲಿಲ್ಲ'ವನ್ನು ಅವಳು ಮೊದಲು ಓದಿದ್ದು ನಿಮ್ಮ ತುಟಿಯ ಮೇಲೆ. ವ್ಯಾನಿನಲ್ಲಿ ನೀವು ಡಿಸ್ಕಿನ ಜೊತೆ ಸೇರಿ ಹಾಡುತ್ತಿದ್ದುದರಿಂದ ಅಲ್ಲೂ ಅವಳಿಗಾಗಲಿ ನನಗಾಗಲಿ ಕೇಳಿಸುತ್ತಿದ್ದದ್ದು ನಿಮ್ಮ ದನಿಯೇ. ನಾನು ಕನ್ನಡಿಯ ಮುಂದೆ ಎರಡೂ ಅರ್ಥದಲ್ಲಿ ಹೇಳಿ ನೋಡಿದೆ. ತುಟಿ ಒಂದೇ ಥರ ಆಡುತ್ತದೆ. ನಿಮ್ಮ ಜೊತೆ ವಾದ ಮಾಡಲು ಏನಾದರೊಂದು ಬೇಕಿತ್ತು ಅವಳಿಗೆ, ಅಷ್ಟೇ. ಹಾಗಾಗಿ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ.

ನಮ್ಮ ಮನೆಯಲ್ಲಿ ಆ ಬ್ಯಾಂಡಿಗೆ ಅಭಿಮಾನಿಯಾಗಿ ಇದ್ದದ್ದು ನೀವೊಬ್ಬರೇ. ಡಿಸ್ಕು ನಿಮ್ಮದು. ಗಣಿಗೆ ತೆಗೆದುಕೊಂಡು ಹೋಗಿ.

ಮೊನ್ನೆ ಮಾತ್ರ ಕಿವಿ ಬಿಟ್ಟುಕೊಂಡೇ ಕೇಳಬೇಕು ಅಂತ ನಿರ್ಧರಿಸಿಕೊಂಡು ಬಂದಿದ್ದೆ. ಆದರೂ ಅಭ್ಯಾಸಬಲದಿಂದ ಜೇಬಿನಲ್ಲಿ ಇಬ್ಬರಿಗಾಗುವಷ್ಟು ಮೇಣ ಇತ್ತು. ನೀವು ಟಿಕೆಟ್ ತೋರಿಸುತ್ತಿದ್ದಿರಿ. ಹಿಂದಿನಿಂದ ಯಾರೂ ಅರ್ಧ ಕೇಳಲಿಲ್ಲ. ಪೂರ್ತಿ ನಾನೇ ಹಾಕಿಕೊಂಡೆ.